ಆಡಿಟ್ ಪ್ಯಾರಾ ಬಂತು, ನಿದ್ದೆ ಹೋಯ್ತು

ಪ್ರಶ್ನೆ: ಮೇಡಂ, ನಾನು ತಾಲ್ಲೂಕು ಮಟ್ಟದ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಲೆಕ್ಕ ಸಹಾಯಕ. ಮಾರ್ಚ್‌ನಲ್ಲಿ ರಾತ್ರಿವರೆಗೆ ಕೂತು ಬಿಲ್ ಮಾಡಿದೆ. ಯಾರೂ ಒಂದು ಒಳ್ಳೆಯ ಮಾತಾಡಲಿಲ್ಲ. ಈಗ ಆಡಿಟ್‌ನವರು ನಾನು ಬರುವ ಮೊದಲಿನ ವೋಚರ್‌ಗಳನ್ನೂ ನನ್ನನ್ನೇ ಕೇಳುತ್ತಿದ್ದಾರೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಅದೇ ಯೋಚನೆ. ನಾನು ಈ ಕೆಲಸಕ್ಕೆ ಲಾಯಕ್ಕಲ್ಲವೇ? ರಾಜೀನಾಮೆ ಕೊಡಲೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಲಾಯಕ್ಕಿಲ್ಲದವರಿಗೆ ವೋಚರ್ ಚಿಂತೆಯಲ್ಲಿ ನಿದ್ದೆ ಕೆಡುವುದಿಲ್ಲ. ನಾನೂ ಲೆಕ್ಕದ ಕೆಲಸ ಮಾಡಿಯೇ ನಿವೃತ್ತಳಾದವಳು. ನಮ್ಮ ಕೆಲಸದ ಸಂಕಟ ಒಂದೇ: ಸರಿಯಾಗಿ ಮಾಡಿದ್ದು ಯಾರಿಗೂ ಕಾಣುವುದಿಲ್ಲ. ಪಾಸಾದ ಬಿಲ್ಲನ್ನು ಅವತ್ತೇ ಮರೆಯುತ್ತಾರೆ. ಆಕ್ಷೇಪಣೆ ಬಂದ ಬಿಲ್ಲು ಮಾತ್ರ ವರ್ಷಗಟ್ಟಲೆ ಕಡತದಲ್ಲಿ ಉಳಿಯುತ್ತದೆ.

1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಅವರು ಮಾತಾಡಿಸಿದ್ದು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಇಂಜಿನಿಯರುಗಳು ಮತ್ತು ಅಕೌಂಟೆಂಟ್‌ಗಳನ್ನು. ಹೌದು, ನಮ್ಮವರನ್ನೇ! ಕೆಲಸ ಖುಷಿ ಕೊಟ್ಟ ದಿನಗಳ ಬಗ್ಗೆ ಹೇಳುವಾಗ ಅವರು ಹೆಚ್ಚಾಗಿ ಸಾಧಿಸಿದ್ದನ್ನು, ಅದನ್ನು ಇನ್ನೊಬ್ಬರು ಗುರುತಿಸಿದ್ದನ್ನು ನೆನೆದರು. ಬೇಸರದ ದಿನಗಳ ಮಾತು ಬಂದಾಗ ಆಡಳಿತದ ರೀತಿ, ಮೇಲಿನವರ ವರ್ತನೆ ಮುಂದೆ ಬಂದವು. ನಿಮ್ಮ ಪತ್ರದಲ್ಲಿರುವುದೂ ಅದೇ ಅಲ್ವಾ? ಇದಕ್ಕಾಗಿ ನಾನು ಲಾಯಕ್ಕಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ.

ಈಗ ಹಳೆಯ ವೋಚರ್‌ಗಳ ವಿಷಯ. ಇದಕ್ಕೆ ಜಾಸ್ತಿ ಗಮನ ಕೊಡಿ, ನಿಮ್ಮ ನಿದ್ದೆ ಕದ್ದಿರುವುದು ಇದೇ. ನೀವು ಚಾರ್ಜ್ ತೆಗೆದುಕೊಂಡ ದಿನದ ಚಾರ್ಜ್ ಲಿಸ್ಟ್ ಹುಡುಕಿ. ಅದರಲ್ಲಿ ಏನು ನಿಮ್ಮ ಕೈಗೆ ಬಂದಿದೆ, ಏನು ಬಂದಿಲ್ಲ ಎಂದು ನೋಡಿ. ಸಿಗದ ವೋಚರ್‌ಗಳ ಸಂಖ್ಯೆ, ದಿನಾಂಕ, ಮೊತ್ತ ಬರೆದು, ಆಗ ಆ ಕುರ್ಚಿಯಲ್ಲಿದ್ದವರಿಂದ ವಿವರಣೆ ಪಡೆಯಬೇಕೆಂದು ನಿಮ್ಮ ಅಧಿಕಾರಿಗೆ ಟಿಪ್ಪಣಿ ಮಂಡಿಸಿ. ಬಾಯಿಮಾತಲ್ಲಿ ಹೇಳಿ ಸುಮ್ನೆ ಕೂರಬೇಡಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಆಕ್ಷೇಪಣೆ ಎತ್ತಿರುವುದು ಕಚೇರಿಯ ಲೆಕ್ಕದ ಮೇಲೆ. ಉತ್ತರ ಕೊಡಬೇಕಾದ್ದೂ ಕಚೇರಿಯೇ. ನೀವೊಬ್ಬರೇ ಹೊರಬೇಕಿಲ್ಲ. ಪ್ಯಾರಾಗಳಿಗೆ, ಅಂದರೆ ಆಡಿಟ್‌ನವರು ಬರೆದ ಆಕ್ಷೇಪಣೆಗಳಿಗೆ, ಒಂದೊಂದಾಗಿ ಉತ್ತರ ಸಿದ್ಧ ಮಾಡಿ, ದಾಖಲೆ ಕೈಲಿರುವುದನ್ನು ಮೊದಲು ಮುಗಿಸಿ. ಪಕ್ಕದ ತಾಲ್ಲೂಕಿನಲ್ಲಿ ಇದೇ ಹುದ್ದೆಯಲ್ಲಿರುವವರಿಗೆ ಫೋನ್ ಮಾಡಿ. ಈ ಕಷ್ಟ ಮನೆಯವರಿಗೆ ಪೂರ್ತಿ ಅರ್ಥವಾಗುವುದು ಕಷ್ಟ, ಆ ಸಹೋದ್ಯೋಗಿಗೆ ಅರ್ಧ ಮಾತಲ್ಲೇ ಅರ್ಥವಾಗುತ್ತದೆ.

ನಿದ್ದೆಯ ವಿಷಯವನ್ನು ಮಾತ್ರ ಮುಂದೂಡಬೇಡಿ. ಎರಡು ವಾರಕ್ಕಿಂತ ಹೆಚ್ಚು ಹೀಗೇ ಆಗಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಅದಕ್ಕೂ ಮೊದಲು ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ಇದೆ, ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡಕ್ಕೂ ಫೋನ್ ಎತ್ತುತ್ತಾರೆ. ಬದುಕೇ ಬೇಡ ಎಂಬ ಯೋಚನೆ ಬಂದರಂತೂ ಆ ಕ್ಷಣವೇ ಮನೆಯವರನ್ನು ಎಬ್ಬಿಸಿ ಹೇಳಿ.

ರಾಜೀನಾಮೆ ಪತ್ರ ಈಗ ಬರೆಯಬೇಡಿ. ಟಿಪ್ಪಣಿ ಹೋಗಲಿ, ನಿದ್ದೆ ಬರಲಿ. ಆಮೇಲೂ ಬೇಡ ಅನಿಸಿದರೆ ಮೊದಲು ವರ್ಗಾವಣೆ ಕೇಳಿ ನೋಡಿ. ಏನಾಯ್ತು ಅಂತ ನನಗೆ ಮತ್ತೆ ಬರೆಯಿರಿ.