ಮೇಲಿನ ಮನೆ ಖಾಲಿ ಇದೆ ಅಂದಿರಲ್ಲ

ನಮಸ್ಕಾರ ಮೇಡಂ,

ನಿಮ್ಮ ಪತ್ರ ಉದ್ದ ಇದೆ, ಪೂರ್ತಿ ಹಾಕೋಕೆ ಜಾಗ ಸಾಲದು. ಹಾಗಾಗಿ ಉಳಿದ ಓದುಗರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಹೊಸನಗರದ ಕಡೆಯ ತೋಟದ ಮನೆ ಬಿಟ್ಟು ಶಿವಮೊಗ್ಗದ ಅಂಚಿನ ಹೊಸ ಬಡಾವಣೆಗೆ ಬಂದಿದ್ದೀರಿ. ಅಕ್ಕಪಕ್ಕ ಡಾಕ್ಟರು, ಲೆಕ್ಚರರು, ಬ್ಯಾಂಕಿನಿಂದ ರಿಟೈರ್ ಆದವರು. ರಸ್ತೆ ಚೆನ್ನಾಗಿದೆ, ಯಾರೂ ಕೆಟ್ಟವರಲ್ಲ. ಆದರೂ ಊರಿನಲ್ಲಿದ್ದೇನೆ ಅಂತ ಅನ್ನಿಸೋದೇ ಇಲ್ಲ, ತೊಂದರೆ ನನ್ನದಾ, ಮಾರಿ ವಾಪಸ್ ಹೋಗಿಬಿಡಲಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು: ಮೇಲಿನ ಮನೆ ಖಾಲಿ ಇದೆ, ಬಾಡಿಗೆಗೆ ಕೇಳಿಕೊಂಡು ಬಂದವರು ಯಾರೂ "ನಮಗೆ ಹೊಂದುವವರಲ್ಲ".

ಆ ಸಾಲಿಗೆ ಆಮೇಲೆ ಬರುತ್ತೇನೆ.

ಮೊದಲು, ನಿಮ್ಮ ಬಡಾವಣೆಯಂಥ ಕಡೆ ಮನೆಗಳನ್ನು ಯಾಕೆ ಕಟ್ಟಿದರು ಅಂತ ನೋಡಿ. ನಮ್ಮ ಕಡೆ ಇದರ ಹಿಂದೆ ಹೆಚ್ಚಾಗಿ ಎರಡು ಸಂಗತಿ ಇರುತ್ತವೆ: ಅಡಿಕೆ ದುಡ್ಡು ಮತ್ತು ಮಕ್ಕಳ ಪಿಯುಸಿ. ಅಪ್ಪ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಾ ತೋಟದಲ್ಲೇ ಇರುತ್ತಾನೆ, ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಶಿವಮೊಗ್ಗದಲ್ಲಿ ಮನೆ ಮಾಡುತ್ತಾಳೆ, ನೀಟು ಸಿಇಟಿ ಎಲ್ಲ ಮುಗಿದು ಮಕ್ಕಳು ಬೆಂಗಳೂರಿನ ರೈಲು ಹತ್ತಿದ ಮೇಲೆ ನಾಲ್ಕು ಬೆಡ್‌ರೂಮಿನಲ್ಲಿ ಇಬ್ಬರು ಉಳಿಯುತ್ತಾರೆ. ಮಕ್ಕಳು ಓದಲಿ ಅಂತ ಕಟ್ಟಿದ ಮನೆ, ಓದು ಮುಗಿದರೆ ಮಕ್ಕಳೇ ಇಲ್ಲ. ನಿಮ್ಮ ಬೀದಿಯಲ್ಲಿ ಮಾತೆಲ್ಲ ರ‍್ಯಾಂಕು, ಇಲ್ಲಾಂದ್ರೆ ಅಮೆರಿಕ ಅಂತ ಬೇಸರ ಮಾಡಿಕೊಂಡಿದ್ದೀರಿ. ಪಾಪ, ಅವರಿಗೂ ಬೇರೆ ಏನು ಸಮಾನ ಇದೆ? ಒಂದೇ ಅಳತೆಯ ಸೈಟು, ಒಂದೇ ರೇಟು, ಹಾಗಾಗಿ ಕೊಂಡವರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಒಂದೇ ಆದಾಯದವರು.

ಊರು ಅಂದರೆ ಹಾಗಿರೋದಿಲ್ಲ ಅಲ್ವಾ. ಊರಲ್ಲಿ ಸಾಲ ಕೇಳುವವನು, ಕುಡಿದು ಕೂಗಾಡುವವನು, ಹೊಲಿಗೆ ಹಾಕುವವಳು ಎಲ್ಲರೂ ಇರುತ್ತಾರೆ. ನಿಮ್ಮ ಬಡಾವಣೆಗೂ ಅಂಥವರು ಬೇಕು. ಪಾತ್ರೆ ತೊಳೆಯುವವರು, ಪೇಂಟ್ ಹೊಡೆಯುವವರು ಬೆಳಿಗ್ಗೆ ಬರುತ್ತಾರೆ, ಸಂಜೆ ಹೋಗುತ್ತಾರೆ. ಅಲ್ಲಿ ಇರೋಕೆ ಮಾತ್ರ ಅವರಿಗೆ ಜಾಗ ಇಲ್ಲ.

ಹಾಗಂತ ಈ ಬದುಕನ್ನು ಸುಮ್ನೆ ಹೀಯಾಳಿಸೋದು ನನಗೆ ಇಷ್ಟವಿಲ್ಲ. ಜುಲೈ ತಿಂಗಳಲ್ಲಿ ಕರೆಂಟ್ ಹೋಗಿ, ರಸ್ತೆಗೆ ಮರ ಬಿದ್ದು, ತೋಟದ ಮನೆಯಲ್ಲಿ ಯಜಮಾನರಿಗೆ ಎದೆನೋವು ಬಂದರೆ ಏನು ಮಾಡುತ್ತೀರಿ? ಇಲ್ಲಿ ಆಸ್ಪತ್ರೆ ಹತ್ತು ನಿಮಿಷ. ರಾತ್ರಿ ಊಟ ಆದ ಮೇಲೆ ಹೆಂಗಸರು ಹೆದರದೆ ವಾಕಿಂಗ್ ಹೋಗುತ್ತಾರೆ ಅಂತ ನೀವೇ ಬರೆದಿದ್ದೀರಿ, ಅದು ಸಣ್ಣ ಮಾತಲ್ಲ. ಊರಿಗೆ ವಾಪಸ್ ಹೋದರೂ ಅಲ್ಲೂ ಈಗ ಇಬ್ಬಿಬ್ಬರು ಮುದುಕರ ಮನೆಗಳೇ ಜಾಸ್ತಿ. ಮಾರಬೇಡಿ.

ಗಾಂಧಿ ಬಜಾರಿಗೆ ವಾರಕ್ಕೊಮ್ಮೆ ನೀವೇ ಹೋಗಿ ತರಕಾರಿ ತನ್ನಿ, ಮೊಬೈಲಿನಲ್ಲಿ ತರಿಸಬೇಡಿ. ಕರ್ನಾಟಕ ಸಂಘ 1930ರಿಂದ ಇದೆ, ಸಂಜೆ ಅಲ್ಲಿ ಕಾರ್ಯಕ್ರಮ ಇದ್ದರೆ ಹೋಗಿ ಕೂರಿ. ಇನ್ನೊಂದು, ನಿಮ್ಮ ಬಡಾವಣೆಯ ಸಿಎ ಸೈಟ್ ಎಲ್ಲಿದೆ ಅಂತ ವಿಚಾರಿಸಿ. ಬಡಾವಣೆ ಮಾಡುವಾಗ ಸಾರ್ವಜನಿಕರ ಕೆಲಸಕ್ಕೆ ಅಂತ ಬಿಟ್ಟಿರುವ ಜಾಗ ಅದು. ಅಲ್ಲಿ ಅಂಗನವಾಡಿಯೋ ಲೈಬ್ರರಿಯೋ ಬರಲಿ ಅಂತ ಕೇಳಿ ನೋಡಿ. "ಗಲಾಟೆ ಆಗುತ್ತೆ" ಅನ್ನುವವರು ಯಾರು ಅಂತ ಆಗ ಗೊತ್ತಾಗುತ್ತದೆ.

ಈಗ ಮೇಲಿನ ಮನೆ. "ಹೊಂದುವವರಲ್ಲ" ಅಂದರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬೋರ್ಡಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಅಂತ ಇರುತ್ತದೆ. ಫೋನಿನಲ್ಲಿ ಬಹಳ ನಯವಾಗಿ, "ನೀವು ಯಾವ ಜನ?" ಓದಿದವರೇ ಕೇಳುವುದು, ಅದೂ ಬಹುವಚನದಲ್ಲಿ. ಈ ಊರಿನ ಬಡಾವಣೆಗಳಿಗೆ ಯಾರ ಹೆಸರಿದೆ ನೋಡಿ. ವಿನೋಬಾ ಭಾವೆ, ಭೂಮಿ ಇಲ್ಲದವರಿಗಾಗಿ ದೇಶವೆಲ್ಲ ನಡೆದು ಜಮೀನು ಬೇಡಿದವರು. ಶಾಂತವೇರಿ ಗೋಪಾಲಗೌಡರು 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರ ಪರ ನಿಂತವರು. ಅವರ ಹೆಸರಿನ ಬೋರ್ಡ್ ದಾಟಿಕೊಂಡೇ ಬಾಡಿಗೆಗೆ ಮನೆ ಹುಡುಕುವವರು ಓಡಾಡುತ್ತಾರೆ, ಜಾತಿ ಹೇಳುತ್ತಾ.

ನಿಮಗೆ ಮಾತಾಡೋಕೆ ಜನ ಬೇಕು, ಬಂದ ಜನರನ್ನು ಮೆಟ್ಟಿಲಿನಿಂದಲೇ ಕಳಿಸುತ್ತಿದ್ದೀರಿ. ಕೋಪ ಮಾಡಿಕೊಳ್ಳಬೇಡಿ, ನೀವೇ ಬರೆದಿದ್ದಕ್ಕೆ ಹೇಳಿದೆ. ಪಾಳಿ ಕೆಲಸ ಮಾಡುವ ನರ್ಸುಗಳು, ಬೇರೆ ಜಿಲ್ಲೆಯಿಂದ ಬಂದ ಮೇಷ್ಟ್ರುಗಳು ಮನೆಗೆ ಎಷ್ಟು ಅಲೆಯುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಬೋರ್ಡಿನಲ್ಲಿ ಫೋನ್ ನಂಬರ್ ಮಾತ್ರ ಬರೆಯಿರಿ. ಎಷ್ಟು ಜನ, ಯಾವಾಗ ಬರುತ್ತೀರಿ, ಗಾಡಿ ಇದೆಯಾ ಅಂತ ಕೇಳಿ, ಅಷ್ಟು ಸಾಕು. ಪಕ್ಕದ ಮನೆಯವರು ಸ್ವಲ್ಪ ದಿನ ಮುಖ ತಿರುಗಿಸಬಹುದು. ಯಜಮಾನರು ಒಪ್ಪದಿದ್ದರೆ ಅದನ್ನೂ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಅವರಿಗೇ ಉತ್ತರ ಕೊಡುತ್ತೇನೆ.

– ಸಂ.