ಗ್ಯಾರೇಜ್ ಪ್ರಶ್ನೋತ್ತರ: ಜಿಪ್ಸಿಗೆ ಯಾವ ವಾಲ್ವ್ ಸ್ಪ್ರಿಂಗ್?

ಪ್ರಶ್ನೆ: ನನ್ನದು 1.3 ಲೀಟರ್, 16 ವಾಲ್ವಿನ ಮಾರುತಿ ಜಿಪ್ಸಿ. ಹೆಡ್ (ಎಂಜಿನ್ನಿನ ಮೇಲೆ ವಾಲ್ವುಗಳಿರುವ ಭಾಗ) ಕೆಲಸ ಮಾಡಿಸಿ, ಲಿಫ್ಟ್ ಹೆಚ್ಚಿರುವ, ಅಂದರೆ ವಾಲ್ವನ್ನು ಇನ್ನಷ್ಟು ದೂರ ತೆರೆಯುವ ಕ್ಯಾಮ್ (ಉಬ್ಬುಗಳಿರುವ ತಿರುಗುವ ದಂಡ) ಹಾಕಿಸಿದ್ದೇನೆ. ವಾಲ್ವ್ ಮುಚ್ಚುವ ಸ್ಪ್ರಿಂಗ್ ಹಳೆಯವೇ. 6500 ಆರ್‌ಪಿಎಂ ದಾಟಿದೊಡನೆ ಎಂಜಿನ್ ಚಟಪಟ ಎನ್ನುತ್ತದೆ, ಎಳೆತ ಬಿದ್ದುಹೋಗುತ್ತದೆ. ಸಿಗುವುದರಲ್ಲೇ ಅತಿ ಗಟ್ಟಿಯಾದ ಜೋಡಿ ಸ್ಪ್ರಿಂಗ್ (ಒಂದರೊಳಗೊಂದು ಕೂರುವ ಎರಡು) ಹಾಕಿಸಿ ಎನ್ನುತ್ತಾರೆ ಮೆಕ್ಯಾನಿಕ್. ಹಾಕಿಸಲೇ?
— ಒಬ್ಬ ಓದುಗ, ಗಂಗಾವತಿ

ಉತ್ತರ: ಈಗಲೇ ಬೇಡ. ಈ ಮಾತು ನಂಬಿ ಕೈ ಸುಟ್ಟುಕೊಂಡವನು ನಾನು. ಬಳ್ಳಾರಿಯಲ್ಲಿ ಶೆಡ್ ಹಾಕಿದ ಹೊಸತರಲ್ಲಿ ನನ್ನದೇ ಗಾಡಿಗೆ ಇದ್ದುದರಲ್ಲೇ ಗಟ್ಟಿಯಾದ ಸ್ಪ್ರಿಂಗ್ ತುಂಬಿದೆ. ಒಂದು ಬೇಸಿಗೆ ಮುಗಿಯುವುದರೊಳಗೆ ಕ್ಯಾಮಿನ ಮೂಗುಗಳು ಸವೆದು ಚಪ್ಪಟೆಯಾಗಿದ್ದವು. ಎಣ್ಣೆಯಲ್ಲಿ ಕಬ್ಬಿಣದ ಪುಡಿ. ವೇಗ ಮಾತ್ರ ಒಂದಿಷ್ಟೂ ಹೆಚ್ಚಿರಲಿಲ್ಲ.

ನಿಮಗೆ ಆಗುತ್ತಿರುವುದು ಬಹುಪಾಲು ವಾಲ್ವ್ ಫ್ಲೋಟ್. ಕ್ಯಾಮ್ ಇಳಿಯುವ ವೇಗಕ್ಕೆ ಸ್ಪ್ರಿಂಗ್ ವಾಲ್ವನ್ನು ಮುಚ್ಚಲಾರದೆ ಹಿಂದೆ ಬೀಳುತ್ತಿದೆ. ಬೇಕಾಗುವ ಬಲ ವೇಗದ ವರ್ಗದಂತೆ ಏರುತ್ತದೆ: 6500ರಿಂದ 7500ಕ್ಕೆ ಹೋದರೆ ಸುಮಾರು ಮೂರನೇ ಒಂದು ಪಾಲು ಹೆಚ್ಚು. ಆದ್ದರಿಂದ ಮೊದಲು ಎಷ್ಟು ಆರ್‌ಪಿಎಂವರೆಗೆ ಓಡಿಸುತ್ತೀರಿ ಎಂದು ಪ್ರಾಮಾಣಿಕವಾಗಿ ನಿರ್ಧರಿಸಿ. ಅಷ್ಟಕ್ಕೆ ಸಾಕಾಗುವ ಸ್ಪ್ರಿಂಗ್‌ಗಳಲ್ಲಿ ಅತಿ ಮೆದುವಾದುದೇ ನಿಮ್ಮದು.

ನನಗೆ ಅನುಮಾನ ಇರುವುದು ನಿಮ್ಮ ಹೆಡ್ ಕೆಲಸದ ಮೇಲೆ. ಸೀಟು (ವಾಲ್ವ್ ಕೂತು ಮುಚ್ಚುವ ಅಂಚು) ಕಡಿದಾಗ ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತದೆ, ಅದರ ಕಾಂಡ ಮೇಲಕ್ಕೆ ಏಳುತ್ತದೆ. ಆಗ ಸ್ಪ್ರಿಂಗ್ ಕೂರುವ ಎತ್ತರ (ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್‌ನ ಉದ್ದ) ಹೆಚ್ಚಾಗಿ, ಒಳ್ಳೆಯ ಸ್ಪ್ರಿಂಗ್ ಕೂಡ ಸಡಿಲವಾಗುತ್ತದೆ. ಹದಿನಾರು ವಾಲ್ವುಗಳಲ್ಲೂ ಆ ಎತ್ತರ ಅಳೆಯಿರಿ. ಹೆಚ್ಚಿದ್ದ ಕಡೆ ಸ್ಪ್ರಿಂಗ್‌ನ ಕೆಳಗೆ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಸರಿದೂಗಿಸಬಹುದು.

ಸ್ಪ್ರಿಂಗ್‌ನ ಬಲ ನೋಡಲು ದುಬಾರಿ ಯಂತ್ರ ಬೇಕಿಲ್ಲ. ನಿಮ್ಮ ಊರಿನಲ್ಲಿ ಅಕ್ಕಿ ಮಿಲ್ಲಿಗೆ ಬರವೇ? ಚೀಲ ತೂಗುವ ತಕ್ಕಡಿಯನ್ನು ಒಂದು ಸಂಜೆಗೆ ಕೇಳಿ, ಡ್ರಿಲ್ಲಿಂಗ್ ಯಂತ್ರದ ಕೆಳಗಿಡಿ. ಯಂತ್ರ ಬಂದ್ ಇರಲಿ. ಹಿಡಿ ತಿರುಗಿಸಿ ಸ್ಪ್ರಿಂಗನ್ನು ಒತ್ತುತ್ತಾ ಕ್ಯಾಲಿಪರ್‌ನಲ್ಲಿ ಎತ್ತರ, ತಕ್ಕಡಿಯಲ್ಲಿ ತೂಕ ಬರೆದುಕೊಳ್ಳಿ. ಕಣ್ಣಿಗೆ ಕನ್ನಡಕ ಇರಲಿ, ಜಾರಿದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ.

ಲೆಕ್ಕ ಹೀಗೆ. ಕೂರುವ ಎತ್ತರ 34 ಮಿ.ಮೀ.ನಲ್ಲಿ 25 ಕೆ.ಜಿ. ಒತ್ತುವ, ಪ್ರತಿ ಮಿ.ಮೀ.ಗೆ 3 ಕೆ.ಜಿ. ಏರುವ ಸ್ಪ್ರಿಂಗ್ ಎಂದುಕೊಳ್ಳಿ. ಲಿಫ್ಟ್ 9 ಮಿ.ಮೀ. ಇದ್ದರೆ ವಾಲ್ವ್ ಪೂರ್ತಿ ತೆರೆದಾಗ 52 ಕೆ.ಜಿ., ಎತ್ತರ 25 ಮಿ.ಮೀ. ಸುತ್ತುಗಳು ಒಂದಕ್ಕೊಂದು ತಾಗುವುದು 22ರಲ್ಲಾದರೆ 3 ಮಿ.ಮೀ. ಜಾಗ ಉಳಿಯಿತು. ಲಿಫ್ಟ್ 10.5 ಆದರೆ ಉಳಿಯುವುದು ಒಂದೂವರೆ. ಅದಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ. ಅದರ ಮೇಲೆ ಅರ್ಧ ಮಿ.ಮೀ. ಶಿಮ್ ಇಟ್ಟರೆ ಒಂದೂವರೆ ಕೆ.ಜಿ. ಒತ್ತಡ ಸಿಗುತ್ತದೆ, ಅರ್ಧ ಮಿ.ಮೀ. ಜಾಗ ಹೋಗುತ್ತದೆ. ಇಲ್ಲಿ ಲಿಫ್ಟ್ ಎಂದರೆ ವಾಲ್ವಿನ ಲಿಫ್ಟ್. ರಾಕರ್ (ಕ್ಯಾಮಿನ ತಳ್ಳನ್ನು ವಾಲ್ವಿಗೆ ದಾಟಿಸುವ ಸನ್ನೆ) ಇರುವ ಎಂಜಿನ್ನಿನಲ್ಲಿ ಕ್ಯಾಮಿನ ಲಿಫ್ಟೇ ಬೇರೆ. ಇವೆರಡನ್ನು ಬೆರೆಸಿ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಸ್ಪ್ರಿಂಗನ್ನು ಮೇಲಿಂದ ಹಿಡಿದಿಡುವ ರಿಟೇನರಿನ ತಳ ವಾಲ್ವ್ ಸೀಲಿಗೆ ತಾಗುವುದೇ, ವಾಲ್ವ್ ಪಿಸ್ಟನ್ನಿಗೆ ಬಡಿಯುವುದೇ ಎಂಬುದನ್ನೂ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿ.

ಇಷ್ಟೆಲ್ಲ ಅಳೆದ ಮೇಲೂ ಬಲ ಸಾಲದಿದ್ದರೆ ಹೊಸ ಸ್ಪ್ರಿಂಗ್ ತನ್ನಿ. ಕ್ಯಾಮ್ ಮಾಡಿದವರು ಹೇಳುವ ಒತ್ತಡವೇ ಆಧಾರ. ಜೋಡಿಯೇ ಆಗಬೇಕೆಂದಿಲ್ಲ. ಸುತ್ತು ಒಂದು ಕಡೆ ಒತ್ತಾಗಿದ್ದರೆ ಆ ಕಡೆ ಹೆಡ್ಡಿನತ್ತ ಕೆಳಗಿರಲಿ.

ಪ್ರಶ್ನೆ: ಹಳೆಯ ಸ್ಪ್ರಿಂಗ್ ಕುಗ್ಗಿದೆ. ಶಿಮ್ ಹಾಕಿ ಬಳಸಬಹುದೇ?
— ಒಬ್ಬ ಓದುಗ, ಸಿಂಧನೂರು

ಉತ್ತರ: ಬಾರದು. ಶಿಮ್ ಇರುವುದು ಹೆಡ್ಡಿನಲ್ಲಿ ಸ್ಪ್ರಿಂಗ್ ಕೂರುವ ಎತ್ತರ ಸರಿಪಡಿಸಲು. ದಣಿದ ಸ್ಪ್ರಿಂಗ್ ಮುರಿದರೆ ವಾಲ್ವ್ ಸಿಲಿಂಡರಿನೊಳಕ್ಕೆ ಬೀಳಬಹುದು. ಆಗ ಪಿಸ್ಟನ್, ಹೆಡ್ ಎರಡನ್ನೂ ಕೊಳ್ಳಬೇಕಾಗುತ್ತದೆ. ಪೂರ್ತಿ ಸೆಟ್ ಬದಲಿಸಿ, ಹಳೆಯದನ್ನು ಗುಜರಿಗೆ ಹಾಕಿ.