ದ್ರವಾಹಾರದಿಂದ ತೂಕ ಇಳಿಸಬಹುದೇ?

ಪ್ರಶ್ನೆ: ನನಗೆ 42 ವರ್ಷ, ತೂಕ 81 ಕಿಲೋ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಏಳು ದಿನ ಬರೀ ಹಣ್ಣಿನ ರಸ ಕುಡಿದು ದೇಹದ ವಿಷವನ್ನೂ ತೂಕವನ್ನೂ ಕಳೆಯಬಹುದೇ?
– ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ದಯವಿಟ್ಟು ಆರಂಭಿಸಬೇಡಿ. ಊಟ ಬಿಟ್ಟು ಮಾತ್ರೆಯನ್ನಷ್ಟೇ ಮುಂದುವರಿಸಿದರೆ, ಕೆಲವು ಔಷಧಿಗಳಿಂದ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಾರಿಲ್ಲದ ರಸದಿಂದ ಅದು ಥಟ್ಟನೆ ಏರಲೂಬಹುದು. ವಿಷ ಹೊರಹಾಕುವ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ನಿತ್ಯವೂ ಮಾಡುತ್ತಿವೆ. ಮೊದಲ ದಿನಗಳಲ್ಲಿ ಇಳಿಯುವ ತೂಕ ಬಹುಪಾಲು ನೀರು: ದೇಹ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ಸಂಗ್ರಹರೂಪ) ಖರ್ಚಾಗುವಾಗ ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಹೊರಹೋಗುತ್ತದೆ, ಉಣ್ಣತೊಡಗಿದೊಡನೆ ಮರಳುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇಂಥ ಪ್ರಯೋಗ ಇನ್ನಷ್ಟು ಕಳವಳಕಾರಿ. ಜೋಳದ ರೊಟ್ಟಿಯ ಸಂಖ್ಯೆ ಇಳಿಸಿ, ಪುಂಡಿಪಲ್ಯ ಮತ್ತು ಕಾಳುಪಲ್ಯ ಹೆಚ್ಚಿಸಿ, ಸಂಜೆ ಅರ್ಧ ಗಂಟೆ ನಡೆಯಿರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಮಾತ್ರೆಯ ಪ್ರಮಾಣವನ್ನು ನಿಮ್ಮ ವೈದ್ಯರೇ ನಿರ್ಧರಿಸಲಿ.